ಫೈಬರ್ ಕಂಪನಿಗಳು ಜೋಡಣೆಯ ಚೀಟಿ ಕೊಡಲಿ

ಮಾನ್ಯ ಸಂಪಾದಕರೇ,

ಸಾವಿರಾರು ರೂಪಾಯಿ ಕೊಟ್ಟು ಮನೆಯೆಲ್ಲ ಒಂದೇ ವೈಫೈ ಹಬ್ಬಿಸುವ ಎರಡು–ಮೂರು ಡಬ್ಬಿಗಳ ಮೆಶ್ ವೈಫೈ ತಂದವರಲ್ಲಿ ಹಲವರು ತಿಂಗಳೊಳಗೇ ‘ಇದ್ದದ್ದೇ ವಾಸಿಯಿತ್ತು’ ಎನ್ನತೊಡಗುತ್ತಾರೆ. ಮೆಶ್ ಕೆಟ್ಟಿರುವುದು ಅಪರೂಪ. ಫೈಬರ್ ಕಂಪನಿಯವರು ಗೋಡೆಗೆ ಮೊಳೆ ಹೊಡೆದು ತೂಗಿಹಾಕಿ ಹೋದ ಪೆಟ್ಟಿಗೆಯೂ ಒಂದು ರೂಟರೇ ಎಂದು ಗ್ರಾಹಕರಿಗೆ ಯಾರೂ ಹೇಳಿರುವುದಿಲ್ಲ. ರೂಢಿಯಲ್ಲಿ ಅದನ್ನು ಮೋಡೆಮ್ ಎನ್ನುತ್ತೇವೆ. ಕಂಪನಿಯವರ ಬಾಯಲ್ಲಿ ಅದು ಒಎನ್‌ಟಿ. ಅದರೊಳಗೆ ಮೂರು ಕೆಲಸ ನಡೆಯುತ್ತದೆ: ಫೈಬರ್‌ನ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವುದು, ರೂಟರ್ ಆಗಿ ಮನೆಯ ಸಾಧನಗಳಿಗೆ ವಿಳಾಸ ಹಂಚುವುದು, ವೈಫೈ ಬಿತ್ತುವುದು. ಮೊದಲನೆಯದನ್ನು ಬೇರೆ ಯಾವ ಡಬ್ಬಿಯೂ ಮಾಡಲಾರದು. ಉಳಿದೆರಡನ್ನು ಮೆಶ್ ಕೂಡ ಮಾಡಲು ಹೊರಡುತ್ತದೆ. ತಕರಾರು ಶುರುವಾಗುವುದು ಅಲ್ಲಿ.

ನಿಮ್ಮ ಮನೆಯ ಸ್ಥಿತಿ ತಿಳಿಯಲು ಮೆಶ್‌ನ ಆ್ಯಪ್ ತೆರೆದು ಇಂಟರ್ನೆಟ್ ವಿಳಾಸ ನೋಡಿ. ಅದು 192.168 ಅಥವಾ 10ರಿಂದ ಶುರುವಾಗಿದ್ದರೆ ಸಾಮಾನ್ಯವಾಗಿ ಎರಡು ರೂಟರ್‌ಗಳು ಒಂದರ ಬೆನ್ನಿಗೊಂದು ನಿಂತಿವೆ ಎಂದರ್ಥ; ಇದನ್ನೇ ಡಬಲ್ ನ್ಯಾಟ್ ಎನ್ನುವುದು. 100.64ರಿಂದ 100.127ರ ನಡುವಿನ ವಿಳಾಸವಾದರೆ ಅದು ಕಂಪನಿಯೇ ನೂರಾರು ಮನೆಗಳಿಗೆ ಒಂದು ಸಾರ್ವಜನಿಕ ವಿಳಾಸ ಹಂಚುವ ಏರ್ಪಾಡು. ಮನೆಯೊಳಗೆ ಏನೇ ತಿದ್ದಿದರೂ ಅದು ಹೋಗದು. ಸ್ಥಿರ ಸಾರ್ವಜನಿಕ ವಿಳಾಸ ಬೇಕೆಂದು ಕಂಪನಿಯನ್ನೇ ಕೇಳಬೇಕು.

ಡಬಲ್ ನ್ಯಾಟ್ ಎಂದೊಡನೆ ಹೆದರಬೇಕಿಲ್ಲ. ಅದರಿಂದ ವೇಗ ಬಹುಪಾಲು ಕುಗ್ಗುವುದಿಲ್ಲ, ಯೂಟ್ಯೂಬ್, ವಾಟ್ಸ್‌ಆ್ಯಪ್ ಎಂದಿನಂತೆ ನಡೆಯುತ್ತವೆ. ಕೆಡುವುದು ಬೇರೆ: ಒಎನ್‌ಟಿಯ ವೈಫೈಗೆ ಸೇರಿದ ಪ್ರಿಂಟರ್ ಮೆಶ್‌ನಲ್ಲಿರುವ ಲ್ಯಾಪ್‌ಟಾಪ್‌ಗೆ ಕಾಣುವುದಿಲ್ಲ, ರೂಟರ್‌ನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ತೆರೆದು ಊರಿಂದಾಚೆ ನೋಡುತ್ತಿದ್ದ ಸಿಸಿಟಿವಿ ನಿಲ್ಲುತ್ತದೆ, ಗೇಮ್ ಕನ್ಸೋಲ್ ಗೊಣಗುತ್ತದೆ. ಇನ್ನು ಎರಡೂ ಡಬ್ಬಿಗಳು 192.168.1 ಸರಣಿಯ ವಿಳಾಸವನ್ನೇ ಹಂಚುತ್ತಿದ್ದರೆ ಮೆಶ್ ‘ಇಂಟರ್ನೆಟ್ ಇಲ್ಲ’ ಎಂದುಬಿಡಬಹುದು. ಮೆಶ್‌ನ ಸರಣಿಯನ್ನು 192.168.50 ಎಂಬಂತೆ ಬದಲಿಸಿದರೆ ಆ ಒಂದು ತೊಡಕು ತೀರುತ್ತದೆ.

ಹೆಚ್ಚಿನ ಮನೆಗಳಿಗೆ ನಾವು ಹೇಳುವುದು ಆಕ್ಸೆಸ್ ಪಾಯಿಂಟ್ ಮೋಡ್. ಒಎನ್‌ಟಿಯ ಲ್ಯಾನ್ 1 ಎಂದು ಬರೆದ ಪೋರ್ಟ್‌ನಿಂದ ಮುಖ್ಯ ಮೆಶ್ ಡಬ್ಬಿಗೆ ಕೇಬಲ್ ಹಾಕಿ, ಮೊದಲು ಮಾಮೂಲಿಯಂತೆ ಎಲ್ಲ ಡಬ್ಬಿಗಳನ್ನೂ ಆ್ಯಪ್‌ಗೆ ಸೇರಿಸಿ, ಆಮೇಲೆ ಕಾರ್ಯವಿಧಾನದ ಪುಟದಲ್ಲಿ ಆಕ್ಸೆಸ್ ಪಾಯಿಂಟ್ ಆಯ್ದುಕೊಳ್ಳಿ. ಡಬ್ಬಿಗಳು ಮರುಚಾಲೂ ಆಗಿ ಬಂದಾಗ ವಿಳಾಸ ಹಂಚುವ ಕೆಲಸ ಒಎನ್‌ಟಿಯದು, ವೈಫೈ ಮಾತ್ರ ಮೆಶ್‌ನದು. ಆಗ ಒಎನ್‌ಟಿಯ ಸೆಟ್ಟಿಂಗ್ ಪುಟಕ್ಕೆ ಬ್ರೌಸರ್‌ನಲ್ಲಿ ಹೋಗಿ ಅದರ ವೈಫೈಯನ್ನು 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ಆಫ್ ಮಾಡಿ. ಒಂದನ್ನು ಆಫ್ ಮಾಡಿ ಇನ್ನೊಂದನ್ನು ಮರೆಯುವವರೇ ಜಾಸ್ತಿ. ಒಎನ್‌ಟಿ, ಮೆಶ್ ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟು ಹಾಗೇ ಬಿಟ್ಟರೆ ಫೋನು ದೂರದ ಒಎನ್‌ಟಿಗೇ ಜೋತುಬಿದ್ದು, ಪಕ್ಕದಲ್ಲಿರುವ ಮೆಶ್ ಡಬ್ಬಿಯ ಕಡೆ ತಿರುಗಿಯೂ ನೋಡುವುದಿಲ್ಲ. ಹಂಚಲು ಇಟ್ಟ ವಿಳಾಸಗಳ ಸಂಗ್ರಹ (ಪೂಲ್) ಚಿಕ್ಕದಿದ್ದರೆ 192.168.1.2ರಿಂದ 254ರವರೆಗೆ ಹಿಗ್ಗಿಸುವುದೂ ಒಎನ್‌ಟಿಯ ಪುಟದಲ್ಲೇ. ಮಕ್ಕಳ ನಿಯಂತ್ರಣ, ವೇಗದ ಹಂಚಿಕೆಯಂಥ ಮೆಶ್‌ನ ಸೌಲಭ್ಯಗಳು ಈ ಮೋಡ್‌ನಲ್ಲಿ ಬಹುಪಾಲು ಕೈಬಿಡುತ್ತವೆ. ಅವು ಬೇಕೇಬೇಕು ಎನ್ನುವವರು, ಹೊರಗಿನಿಂದ ಮನೆಯ ಸಾಧನಗಳನ್ನು ತಲುಪಬೇಕಾದವರು ಮಾತ್ರ ಬ್ರಿಜ್ ಮೋಡ್‌ಗೆ (ಒಎನ್‌ಟಿ ಬೆಳಕನ್ನು ಬದಲಿಸುವುದಷ್ಟೇ, ರೂಟರ್ ಕೆಲಸವೆಲ್ಲ ಮೆಶ್‌ನದು) ಹೋಗಲಿ.

ಬ್ರಿಜ್‌ಗೆ ಕೈಹಾಕುವ ಮುನ್ನ ಮೂರು ವಿವರ ಕೈಯಲ್ಲಿರಬೇಕು: ಪಿಪಿಪಿಒಇ (ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ವಿಧಾನ) ಬಳಕೆದಾರ ಹೆಸರು, ಅದರ ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ (ಒಂದೇ ಫೈಬರ್‌ನಲ್ಲಿ ಬರುವ ಇಂಟರ್ನೆಟ್, ಧ್ವನಿಗಳನ್ನು ಬೇರ್ಪಡಿಸುವ ಗುರುತು). ಒಎನ್‌ಟಿಯ ವ್ಯಾನ್ (ಹೊರಜಾಲದ ಸಂಪರ್ಕ) ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ. ಇಂಟರ್ನೆಟ್‌ನ ಸಾಲನ್ನು ಮಾತ್ರ ರೂಟ್‌ನಿಂದ ಬ್ರಿಜ್‌ಗೆ ಬದಲಿಸಿ ಲ್ಯಾನ್ 1ಕ್ಕೆ ಕಟ್ಟಬೇಕು. ಧ್ವನಿಗೆಂದು ಪ್ರತ್ಯೇಕ ಸಾಲಿದ್ದರೆ ಅದನ್ನು ಮುಟ್ಟಬೇಡಿ, ಮುಟ್ಟಿದರೆ ಲ್ಯಾಂಡ್‌ಲೈನ್‌ನ ಡಯಲ್ ಟೋನ್ ಹೋಗುತ್ತದೆ. ವಿಲ್ಯಾನ್ ಸಂಖ್ಯೆ ಒಎನ್‌ಟಿಯಲ್ಲಿ ಇದ್ದರೆ ಮೆಶ್‌ನಲ್ಲಿ ಬೇಡ. ಎರಡೂ ಕಡೆ ಹಾಕಿದರೆ ಸಂಪರ್ಕವೇ ಬಾರದು. ಮೆಶ್‌ನಲ್ಲಿ ಪಿಪಿಪಿಒಇ ಆಯ್ದುಕೊಂಡು ಹೆಸರು, ಪಾಸ್‌ವರ್ಡ್ ತುಂಬಿ, ಎಂಟಿಯು (ಒಂದು ಕಂತಿನಲ್ಲಿ ಸಾಗುವ ದತ್ತಾಂಶದ ಮಿತಿ) 1492 ಇದೆಯೇ ನೋಡಿ: ಈಥರ್‌ನೆಟ್‌ನ 1500 ಬೈಟ್‌ಗಳಲ್ಲಿ 8 ಪಿಪಿಪಿಒಇಗೇ ಹೋಗುತ್ತವೆ. 1500 ಎಂದೇ ಇಟ್ಟರೆ ಕೆಲವು ಜಾಲತಾಣಗಳು ಅರ್ಧ ತೆರೆದು ನಿಲ್ಲುವ ವಿಚಿತ್ರ ಕಾಯಿಲೆ ಅಂಟಿಕೊಳ್ಳಬಹುದು. ಎಲ್ಲ ಸರಿಯಿದ್ದೂ ಲಾಗಿನ್ ಆಗದಿದ್ದರೆ ಕಂಪನಿಯ ಕಡೆ ಹಳೆಯ ಲಾಗಿನ್ (ಸೆಷನ್) ಇನ್ನೂ ಜೀವಂತವಿರಬಹುದು. ಒಎನ್‌ಟಿಯನ್ನು ಹತ್ತು ನಿಮಿಷ ಆರಿಸಿಟ್ಟು ನೋಡಿ. ಕೆಲವು ಸ್ಥಳೀಯ ಆಪರೇಟರ್‌ಗಳು ಹಳೆಯ ಉಪಕರಣದ ಮ್ಯಾಕ್ ವಿಳಾಸಕ್ಕೇ (ಅದರ ಕಾರ್ಖಾನೆ ಗುರುತಿನ ಸಂಖ್ಯೆ) ಸಂಪರ್ಕವನ್ನು ಕಟ್ಟಿರುತ್ತಾರೆ. ಅಲ್ಲಿ ಮೆಶ್‌ನಲ್ಲಿ ಮ್ಯಾಕ್ ನಕಲು ಮಾಡಬೇಕು, ಇಲ್ಲವೇ ಅವರಿಗೆ ಫೋನ್ ಮಾಡಿ ಬಿಡಿಸಿಕೊಳ್ಳಬೇಕು.

ಒಂದನ್ನು ಒತ್ತಿ ಹೇಳಬೇಕು. ಏನೋ ಕೆಟ್ಟಿತೆಂದು ಒಎನ್‌ಟಿಯ ರೀಸೆಟ್ ರಂಧ್ರಕ್ಕೆ ಪಿನ್ನು ಚುಚ್ಚಬೇಡಿ. ಕಂಪನಿ ತುಂಬಿದ ವಿವರಗಳು ಅದರೊಂದಿಗೆ ಅಳಿಸಿಹೋಗಿ ತಂತ್ರಜ್ಞರು ಬರುವವರೆಗೆ ಮನೆಗೆ ಇಂಟರ್ನೆಟ್ ಇರದಿರಬಹುದು. ಸ್ವಿಚ್ ಆರಿಸಿ ಹಾಕುವುದೇ ಬೇರೆ, ರೀಸೆಟ್ಟೇ ಬೇರೆ.

ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಕಾಣುವ ತಪ್ಪು ಇನ್ನೊಂದು ಬಗೆಯದು. ಬಾಗಿಲ ಬಳಿಯ ಕಬ್ಬಿಣದ ಪೆಟ್ಟಿಗೆಗೆ ಎಲ್ಲ ಕೋಣೆಗಳ ಕೇಬಲ್ ಬಂದಿರುತ್ತದೆ, ಒಎನ್‌ಟಿಯೂ ಅದರೊಳಗೇ. ಅನುಕೂಲವೆಂದು ಹಾಲ್, ಮಲಗುವ ಕೋಣೆ ಎರಡರ ಮೆಶ್ ಡಬ್ಬಿಗಳನ್ನೂ ಒಎನ್‌ಟಿಯ ಲ್ಯಾನ್ ಪೋರ್ಟ್‌ಗಳಿಗೇ ಸಿಕ್ಕಿಸುತ್ತಾರೆ. ಮೆಶ್ ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿದ್ದರೆ ಇದು ಸರಿಯೇ. ರೂಟರ್ ಮೋಡ್‌ನಲ್ಲಿದ್ದರೆ ಎರಡನೆಯ ಡಬ್ಬಿ ಮುಖ್ಯ ಡಬ್ಬಿಯ ಹೊರಗೆ ಬಿದ್ದಂತೆ. ಕೇಬಲ್ ಇದ್ದೂ ಅದು ಗಾಳಿಯಲ್ಲೇ ಮಾತಾಡುತ್ತದೆ, ಅಥವಾ ಎರಡು ಕಡೆಯ ವಿಳಾಸಗಳೂ ಬೆರೆತು ಒಂದು ಫೋನ್ ನಡೆದರೆ ಇನ್ನೊಂದು ನಡೆಯದಂತಾಗುತ್ತದೆ. ಒಎನ್‌ಟಿ, ಅದರಿಂದ ಮುಖ್ಯ ಮೆಶ್ ಡಬ್ಬಿ, ಅದರ ಇನ್ನೊಂದು ಪೋರ್ಟ್‌ನಿಂದ ಐದು ಪೋರ್ಟ್‌ನ ಗಿಗಾಬಿಟ್ (1000 ಎಂಬಿಪಿಎಸ್) ಸ್ವಿಚ್ (ಕೇಬಲ್ ಕವಲೊಡೆಸುವ ಡಬ್ಬಿ), ಸ್ವಿಚ್‌ನಿಂದ ಉಳಿದ ಡಬ್ಬಿಗಳು: ರೂಟರ್ ಮೋಡ್‌ಗೆ ಸರಿಯಾದ ಸಾಲು ಇದು. ಮುಖ್ಯ ಡಬ್ಬಿಯನ್ನು ಮಾತ್ರ ಆ ಕಬ್ಬಿಣದ ಪೆಟ್ಟಿಗೆಯೊಳಗೆ ಮುಚ್ಚಿಡಬೇಡಿ. ಹಾಲ್‌ಗೆ ಎರಡು ಕೇಬಲ್ ಹೋಗಿದ್ದರೆ ಒಂದರಲ್ಲಿ ತಂದು ಇನ್ನೊಂದರಲ್ಲಿ ಹಿಂದಿರುಗಿಸಿ. ಒಂದೇ ಕೇಬಲ್ ಇದ್ದರೆ ಆಕ್ಸೆಸ್ ಪಾಯಿಂಟ್ ಮೋಡೇ ಗತಿ.

ಸ್ಪೀಡ್ ಟೆಸ್ಟ್ 94–95 ಎಂಬಿಪಿಎಸ್‌ಗೆ ಅಂಟಿಕೊಂಡು ಮೇಲೇಳದಿದ್ದರೆ ಪ್ಲಾನನ್ನು ಬೈಯುವ ಮೊದಲು ಕೇಬಲ್ ನೋಡಿ. ಗಿಗಾಬಿಟ್‌ಗೆ ಎಂಟೂ ತಂತಿಗಳು ಬೇಕು. ಒಂದು ಜೋಡಿ ಸಡಿಲವಾದರೂ ಸಂಪರ್ಕ 100ಕ್ಕೆ ಇಳಿಯಬಹುದು. ಅಗ್ಗದ ಕೆಲವು ಒಎನ್‌ಟಿ, ಮೆಶ್‌ಗಳ ಪೋರ್ಟ್‌ಗಳೇ 100ರವು. ಕ್ಯಾಟ್ 5ಇ ಅಥವಾ ಕ್ಯಾಟ್ 6 ಯಾವುದಾದರೂ 100 ಮೀಟರ್‌ವರೆಗೆ ಸಾಕು, ಆದರೆ ಅಪ್ಪಟ ತಾಮ್ರದ್ದಿರಲಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಪ್ಲಗ್‌ನ ಬಳಿ ಬೇಗ ತುಂಡಾಗುತ್ತದೆ. ಪ್ಲಗ್‌ನ ಎರಡೂ ತುದಿಗೆ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ಕೇಬಲ್ ಎಳೆಯಲಾಗದ ಹಳೆಯ ಮನೆಗಳಲ್ಲಿ ಡಬ್ಬಿಗಳು ಗಾಳಿಯಲ್ಲೇ ಕೈಹಿಡಿಯಬೇಕು. ಎರಡು ಬ್ಯಾಂಡ್‌ನ ಮೆಶ್‌ನಲ್ಲಿ ಡಬ್ಬಿಯಿಂದ ಡಬ್ಬಿಗೆ ಒಂದು ನೆಗೆತಕ್ಕೆ ವೇಗ ಸುಮಾರು ಅರ್ಧವಾಗುತ್ತದೆ, ಎರಡನೆಯ ನೆಗೆತಕ್ಕೆ ಮತ್ತೆ ಕುಗ್ಗುತ್ತದೆ. ಹಾಗಾಗಿ ಸಾಲಾಗಿ ಇಡದೆ ಮುಖ್ಯ ಡಬ್ಬಿಯನ್ನು ಮನೆಯ ನಡುವೆ ಇಟ್ಟು ಉಳಿದವನ್ನು ಎರಡು ಪಕ್ಕಕ್ಕೆ ಹಂಚಿ. ಸಿಗ್ನಲ್ ಸತ್ತ ಕೋಣೆಯಲ್ಲೇ ಡಬ್ಬಿ ಇಡುವುದು ಎಲ್ಲರೂ ಮಾಡುವ ತಪ್ಪು. ಅಲ್ಲಿಗೆ ಅರ್ಧ ದಾರಿಯಲ್ಲಿ, ಸಿಗ್ನಲ್ ಮೈನಸ್ 65 ಡಿಬಿಎಂಗಿಂತ (ಸಿಗ್ನಲ್ ಬಲದ ಅಳತೆ; ಮೈನಸ್ 70 ಅದಕ್ಕಿಂತ ದುರ್ಬಲ) ಕೆಳಗಿಳಿಯದ ಕಡೆ ಇಡಬೇಕು. ಮಲೆನಾಡಿನ ಮನೆಗಳ ದಪ್ಪ ಮಣ್ಣಿನ ಗೋಡೆ, ಆರ್‌ಸಿಸಿ ತಾರಸಿ, ಉಕ್ಕಿನ ಬೀರು, ದೊಡ್ಡ ಕನ್ನಡಿ ಇವೆಲ್ಲ 5 ಗಿಗಾಹರ್ಟ್ಸ್‌ಗೆ ಅಡ್ಡಿ. ಗೋಡೆಯನ್ನು ಓರೆಯಾಗಿ ದಾಟುವುದಕ್ಕಿಂತ ತೆರೆದ ಬಾಗಿಲ ನೇರಕ್ಕೆ ಇಡುವುದು ಮೇಲು.

ಕರೆಂಟ್ ಹೋದಾಗ ಒಎನ್‌ಟಿಗೆ ಮಾತ್ರ ಮಿನಿ ಯುಪಿಎಸ್ ಕೊಟ್ಟು, ಅದರ ವೈಫೈ ಆಫ್ ಮಾಡಿದ್ದೇವೆಂಬುದನ್ನು ಮರೆತು ಇಂಟರ್ನೆಟ್ ಇಲ್ಲವೆಂದು ಪರದಾಡುವವರುಂಟು. ಮುಖ್ಯ ಮೆಶ್ ಡಬ್ಬಿಗೂ ಯುಪಿಎಸ್ ಬೇಕು. ಅಡಾಪ್ಟರ್ ಮೇಲೆ ಬರೆದ ವೋಲ್ಟೇಜ್ ಹೊಂದಲೇಬೇಕು. ಒಎನ್‌ಟಿ 12 ವೋಲ್ಟ್‌ನದಾದರೆ ಮೆಶ್ 9 ವೋಲ್ಟ್‌ನದಿರಬಹುದು. ಯುಪಿಎಸ್‌ನ ಆಂಪಿಯರ್ ಹೆಚ್ಚಿದ್ದರೆ ಚಿಂತೆಯಿಲ್ಲ, ಕಡಿಮೆಯಾದರೆ ಡಬ್ಬಿ ತಾನಾಗಿ ಆರಿ ಹತ್ತುತ್ತಿರುತ್ತದೆ.

ಇಷ್ಟರಲ್ಲಿ ಗ್ರಾಹಕರು ತಾವೇ ತಿಳಿಯಲಾಗದ್ದು ಕೆಲವೇ ವಿವರ. ಸಂಪರ್ಕ ಕೊಟ್ಟ ದಿನವೇ ಫೈಬರ್ ಕಂಪನಿಗಳು ಪಿಪಿಪಿಒಇ ಹೆಸರು ಮತ್ತು ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ, ಒಎನ್‌ಟಿ ಪುಟದ ವಿಳಾಸ ಮತ್ತು ಪಾಸ್‌ವರ್ಡ್, ಬ್ರಿಜ್ ಮೋಡ್ ಸಿಗುತ್ತದೋ ಇಲ್ಲವೋ, ಮ್ಯಾಕ್ ಕಟ್ಟಿದ್ದಾರೋ ಇಲ್ಲವೋ ಎಂಬುದನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು ಕೊಡಲಿ. ಕೇಳಿದಾಗ ‘ಅದು ನಮ್ಮ ಸಿಸ್ಟಂನಲ್ಲಿದೆ’ ಎನ್ನುವ ಉತ್ತರ ನಿಲ್ಲಲಿ.

– ಮನೆಗಳಿಗೆ ನೆಟ್‌ವರ್ಕ್ ಅಳವಡಿಸುವ ತಂತ್ರಜ್ಞರು, ಮೈಸೂರು