ವಿಷದ ಡ್ರಮ್ಮು ಊರಿಗೆ ಬರುತ್ತದೆ, ಅದರ ಕಾಗದವೂ ಬರಲಿ

ಮಾನ್ಯ ಸಂಪಾದಕರೇ,

ಮಾಲೂರು, ನರಸಾಪುರ, ವೇಮಗಲ್ ಕಡೆಯ ಸಣ್ಣ ಕಾರ್ಖಾನೆಯೊಂದು ಮೊದಲ ಬಾರಿಗೆ ಹೊರದೇಶದಿಂದ ರಾಸಾಯನಿಕ ತರಿಸಲು ಹೊರಟಾಗ ಆಮದು-ರಫ್ತು ಕೋಡ್ ಇದ್ದರಾಯಿತು, ಮಿಕ್ಕಿದ್ದನ್ನು ಕ್ಲಿಯರಿಂಗ್ ಏಜೆಂಟ್ ನೋಡಿಕೊಳ್ಳುತ್ತಾರೆ ಎಂದುಕೊಳ್ಳುವುದು ಸಾಮಾನ್ಯ. ಎಡವಟ್ಟು ಅಲ್ಲಿಂದಲೇ ಶುರು. ಏಜೆಂಟರ ಕೆಲಸ ಸರಕನ್ನು ಬಂದರಿನಿಂದ ಬಿಡಿಸುವುದು. ಅದು ಯಾವ ಅಂತರರಾಷ್ಟ್ರೀಯ ಪಟ್ಟಿಗೆ ಬರುತ್ತದೆ, ನಮ್ಮೂರಿಗೆ ಬಂದ ಮೇಲೆ ಅದರ ಬಗ್ಗೆ ಯಾರಿಗೆಲ್ಲ ತಿಳಿದಿರಬೇಕು ಎಂಬುದು ತರಿಸುವವರ ಹೊಣೆ.

‘ನಿಯಂತ್ರಿತ ರಾಸಾಯನಿಕ’ ಎಂಬ ಒಂದೇ ಪಟ್ಟಿ ಎಲ್ಲೂ ಇಲ್ಲ. ಅಪಾಯಕಾರಿ ರಾಸಾಯನಿಕಗಳ ವ್ಯಾಪಾರಕ್ಕೆಂದು ಇರುವ, ಭಾರತ 2005ರಲ್ಲಿ ಸೇರಿದ ರಾಟರ್‌ಡ್ಯಾಮ್ ಒಪ್ಪಂದಕ್ಕೆ ಒಂದು ಪಟ್ಟಿ, ಬಹುಕಾಲ ಕರಗದೆ ಉಳಿಯುವ ವಿಷಗಳ ಕುರಿತ, 2006ರಲ್ಲಿ ಅನುಮೋದಿಸಿದ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಮತ್ತೊಂದು. ಪಾದರಸಕ್ಕೆ ಮಿನಮಾಟ, ಓಜೋನ್ ಪದರ ಕೆಡಿಸುವ ಅನಿಲಗಳಿಗೆ ಮಾಂಟ್ರಿಯಲ್, ಇವೆಲ್ಲದರ ಜೊತೆಗೆ ರಾಸಾಯನಿಕ ಅಸ್ತ್ರಗಳ ನಿಷೇಧ ಒಪ್ಪಂದ. ಒಂದರಲ್ಲಿ ಹೆಸರಿಲ್ಲ ಎಂದರೆ ಮಿಕ್ಕವುಗಳಲ್ಲೂ ಇಲ್ಲವೆಂದು ಅರ್ಥವಲ್ಲ.

ಹೆಚ್ಚು ಗೊಂದಲ ರಾಟರ್‌ಡ್ಯಾಮ್ ವಿಚಾರದಲ್ಲಿ. ಅದರ ಮೂರನೇ ಅನುಬಂಧದಲ್ಲಿದ್ದರೆ ನಿಷೇಧ ಎಂದು ತಿಳಿದವರೇ ಬಹಳ. ಆ ಒಪ್ಪಂದ ಕೇಳುವುದು ಪೂರ್ವಸಮ್ಮತಿಯನ್ನು: ಈ ವಸ್ತುವನ್ನು ಒಳಗೆ ಬಿಟ್ಟುಕೊಳ್ಳುತ್ತೀರಾ, ಯಾವ ಷರತ್ತಿನ ಮೇಲೆ ಎಂದು. ಇಲ್ಲಿ ಉಪಯೋಗವೂ ಮುಖ್ಯ. ಎಥಿಲೀನ್ ಆಕ್ಸೈಡ್ ಆ ಅನುಬಂಧದಲ್ಲಿರುವುದು ಕೀಟನಾಶಕವಾಗಿ. ಆಸ್ಪತ್ರೆ ಸಾಮಗ್ರಿ ಶುದ್ಧೀಕರಣಕ್ಕೋ ಬೇರೆ ರಾಸಾಯನಿಕ ತಯಾರಿಕೆಗೋ ತರಿಸುವ ಅದೇ ಅನಿಲದ ಲೆಕ್ಕ ಬೇರೆ. ಹಾಗಾಗಿ ಖರೀದಿ ಆದೇಶದಲ್ಲಿ, ಇನ್‌ವಾಯ್ಸ್‌ನಲ್ಲಿ ಯಾವ ಉಪಯೋಗಕ್ಕೆ ಎಂದು ಸ್ಪಷ್ಟವಾಗಿ ಬರೆಯಬೇಕು. ಯುರೋಪಿನಿಂದ ತರಿಸುವವರು ಇನ್ನೊಂದು ಗಮನಿಸಬೇಕು. ಅಲ್ಲಿನ ಪಟ್ಟಿ ಒಪ್ಪಂದದ ಪಟ್ಟಿಗಿಂತ ಉದ್ದ. ರಫ್ತು ಮಾಡುವವರು ಮೊದಲ ಸಲ ಕಳಿಸುವಾಗ, ಸರಕು ಹೊರಡುವ 35 ದಿನ ಮುಂಚೆಯೇ ತಮ್ಮ ಸರ್ಕಾರಕ್ಕೆ ತಿಳಿಸಬೇಕು. ಈ ದಿನಗಳನ್ನು ಲೆಕ್ಕಕ್ಕೆ ಹಿಡಿಯದೆ ಉತ್ಪಾದನೆಯ ದಿನ ಗೊತ್ತು ಮಾಡಿಕೊಂಡರೆ ಇಲ್ಲಿ ಯಂತ್ರ ಖಾಲಿ ನಿಲ್ಲುತ್ತದೆ.

ಪಟ್ಟಿ ನೋಡುವಾಗ ವ್ಯಾಪಾರದ ಹೆಸರನ್ನು ನಂಬಬಾರದು. ಹುಡುಕಬೇಕಾದ್ದು ಸಿಎಎಸ್ ಸಂಖ್ಯೆ, ಅಂದರೆ ಪ್ರತಿ ರಾಸಾಯನಿಕಕ್ಕೂ ಬೇರೆಯಾಗಿ ಕೊಟ್ಟಿರುವ ಗುರುತಿನ ಸಂಖ್ಯೆ. ಅದರ ಕೊನೆಯ ಅಂಕಿ ಇರುವುದೇ ತಾಳೆ ನೋಡಲು. ಸೋಡಿಯಂ ಸೈನೈಡ್‌ನದು 143-33-9. ಕೊನೆಯ 9 ಬಿಟ್ಟು ಉಳಿದ ಅಂಕಿಗಳನ್ನು ಬಲದಿಂದ ಎಡಕ್ಕೆ 1, 2, 3, 4, 5ರಿಂದ ಗುಣಿಸಿ: 3, 6, 9, 16, 5. ಕೂಡಿದರೆ 39, ಅದರ ಕೊನೆಯ ಅಂಕಿ 9. ಸರಿಹೋಯಿತು. ಒಂದು ಅಂಕಿ ತಪ್ಪಾಗಿ ಟೈಪಾಗಿದ್ದರೂ ಹೆಚ್ಚಿನ ಸಂದರ್ಭಗಳಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ. ಕಾಗದದಲ್ಲಿ ಅರ್ಧ ನಿಮಿಷದ ಕೆಲಸ. ಮಾಡದಿದ್ದರೆ ಇನ್‌ವಾಯ್ಸ್‌ನಲ್ಲಿ ಒಂದು ಸಂಖ್ಯೆ, ಸುರಕ್ಷತಾ ಮಾಹಿತಿ ಪತ್ರದ ಮೂರನೇ ಭಾಗದಲ್ಲಿ ಇನ್ನೊಂದು, ಡ್ರಮ್ಮಿನ ಲೇಬಲ್ ಮೇಲೆ ಮತ್ತೊಂದು ಇದ್ದು ಕಸ್ಟಮ್ಸ್‌ನಲ್ಲಿ ಸರಕು ನಿಂತುಬಿಡುತ್ತದೆ. ಬಿಲ್ ಆಫ್ ಎಂಟ್ರಿಯನ್ನು (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ) ಹಡಗು ಬರುವ ಹಿಂದಿನ ದಿನದೊಳಗೆ ಸಲ್ಲಿಸದಿದ್ದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000 ರೂಪಾಯಿ ದಂಡಶುಲ್ಕ. ಕಂಟೇನರ್ ಬಾಡಿಗೆ, ಸರಕು ತಡವಾಗಿ ಬಿಡಿಸಿದ್ದಕ್ಕೆ ಕಟ್ಟುವ ಡೆಮರೇಜ್ ಬೇರೆ.

ಸೈನೈಡ್ ಎಂದರೇನೆಂದು ಕೋಲಾರದವರಿಗೆ ಹೇಳಿಕೊಡಬೇಕಿಲ್ಲ. ಗಣಿ 2001ರಲ್ಲಿ ಮುಚ್ಚಿದರೂ ಆ ಹೆಸರು ಹೊತ್ತ ದಿಬ್ಬಗಳು ಕೆಜಿಎಫ್‌ನಲ್ಲಿ ಇನ್ನೂ ನಿಂತಿವೆ. ಆದರೆ ಸೋಡಿಯಂ ಸೈನೈಡ್ ರಾಸಾಯನಿಕ ಅಸ್ತ್ರಗಳ ಪಟ್ಟಿಯಲ್ಲಿಲ್ಲ. ಅದಕ್ಕೆ ಆಮ್ಲ ತಾಗಿದರೆ ಹುಟ್ಟುವ ಹೈಡ್ರೋಜನ್ ಸೈನೈಡ್ ಇದೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿಲ್ಲ ಎಂದ ಮಾತ್ರಕ್ಕೆ ಉಗ್ರಾಣದಲ್ಲಿ ಎಲ್ಲಿ ಬೇಕಾದರೂ ಇಡಬಹುದು ಎಂದಲ್ಲ.

ಇದಕ್ಕೆ ತದ್ವಿರುದ್ಧ ಥಯೋನಿಲ್ ಕ್ಲೋರೈಡ್. ಔಷಧ, ಬಣ್ಣ, ಕೀಟನಾಶಕ ತಯಾರಿಕೆಗೆಲ್ಲ ಬೇಕಾದ ದ್ರವ, ಅಸ್ತ್ರ ಒಪ್ಪಂದದ ಮೂರನೇ ಪಟ್ಟಿಯಲ್ಲೂ ಇದೆ. ನೀರು ತಾಗಿದರೆ ಒಡೆದು ಎರಡು ಅನಿಲವಾಗುತ್ತದೆ. 300 ಕಿಲೋ ದ್ರವ ಪೂರ್ತಿ ನೀರಿನೊಡನೆ ಬೆರೆತರೆ ಸುಮಾರು 160 ಕಿಲೋ ಸಲ್ಫರ್ ಡೈಆಕ್ಸೈಡ್, 185 ಕಿಲೋ ಹೈಡ್ರೋಜನ್ ಕ್ಲೋರೈಡ್ ಏಳುತ್ತವೆ, ಎರಡೂ ಉಸಿರು ಕಟ್ಟಿಸುವಂಥವು. ರಸ್ತೆಯಲ್ಲಿ ಡ್ರಮ್ಮು ಸೋರುತ್ತಿದ್ದರೆ ಜನ ಮೊದಲು ಮಾಡುವುದೇ ಬಕೆಟ್ಟಿನಲ್ಲಿ ನೀರು ತಂದು ಸುರಿಯುವುದು. ಬೇಕಾದ್ದು ಒಣ ಮರಳು, ಗಾಳಿ ಬೀಸುವ ದಿಕ್ಕಿನಲ್ಲಿರುವವರನ್ನು ದೂರ ಕಳಿಸುವುದು. ಲಾರಿಯ ಮೇಲಿನ ಫಲಕದಲ್ಲಿ 1836 ಎಂಬ ಯುಎನ್ ಸಂಖ್ಯೆ (ಸಾಗಣೆಯಲ್ಲಿ ಅಪಾಯಕಾರಿ ವಸ್ತುವನ್ನು ಗುರುತಿಸುವ ಸಂಖ್ಯೆ) ಇರುವುದು ಇದನ್ನು ತಿಳಿಸಲಿಕ್ಕೇ. ಫಲಕ ಮಾಸಿದ್ದರೆ, ಅಥವಾ ಹಿಂದಿನ ಲೋಡಿನ ಫಲಕವೇ ಉಳಿದಿದ್ದರೆ, ಬಂದ ಅಗ್ನಿಶಾಮಕ ಸಿಬ್ಬಂದಿಯೂ ನೀರಿನ ಪೈಪೇ ಬಿಚ್ಚುತ್ತಾರೆ.

ನಮ್ಮ ಮುಖ್ಯ ಮಾತು ಇಲ್ಲಿದೆ. ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹಣೆ ಮತ್ತು ಆಮದು ನಿಯಮಗಳು 1989ರಿಂದಲೇ ಜಾರಿಯಲ್ಲಿವೆ. ಅದರ 18ನೇ ನಿಯಮದ ಪ್ರಕಾರ ತರಿಸುವವರು 30 ದಿನ ಮುಂಚೆ, ಆಗದಿದ್ದರೆ ತಡವೆಂದರೆ ಆಮದಿನ ದಿನದೊಳಗೆ, ಸರಕು ಪಡೆಯುವವರ ಹೆಸರು-ವಿಳಾಸ, ಬಂದರು, ಸಾಗಣೆಯ ಬಗೆ, ಪ್ರಮಾಣ, ಪೂರ್ತಿ ಸುರಕ್ಷತಾ ಮಾಹಿತಿ ಇಷ್ಟನ್ನೂ ಪ್ರಾಧಿಕಾರಕ್ಕೆ, ಅಂದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ, ಕೊಡಬೇಕು. ಅಪಾಯ ಕಂಡರೆ ಆಮದನ್ನೇ ತಡೆಯುವ ಅಧಿಕಾರವೂ ಪ್ರಾಧಿಕಾರಕ್ಕಿದೆ. ಬಂದರಿನಿಂದ ಕಾರ್ಖಾನೆವರೆಗಿನ ಸಾಗಣೆ ಮೋಟಾರು ವಾಹನ ನಿಯಮದಂತೆ ನಡೆಯುವಂತೆ ನೋಡಿಕೊಳ್ಳುವುದೂ ತರಿಸುವವರ ಕೆಲಸವೇ. ಮಾಹಿತಿ ಪ್ರಾಧಿಕಾರದಿಂದ ಬಂದರಿಗೆ ಹೋಗಬೇಕೆಂದು ನಿಯಮ ಹೇಳುತ್ತದೆ. ಡ್ರಮ್ಮುಗಳು ತಿಂಗಳುಗಟ್ಟಲೆ ಕೂರುವ ಊರಿನ ಅಗ್ನಿಶಾಮಕ ಠಾಣೆಗೂ ಹೋಗಬೇಕೆಂದು ಹೇಳುವುದಿಲ್ಲ. ಈ ಕೊರತೆ ನಮ್ಮನ್ನು ಬಹಳ ಕಾಡುತ್ತದೆ.

ತಿದ್ದಲು ಹೊಸ ಕಾನೂನಿಗೆ ಕಾಯಬೇಕಿಲ್ಲ. 1996ರ ರಾಸಾಯನಿಕ ಅಪಘಾತ ನಿಯಮಗಳಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಬಿಕ್ಕಟ್ಟು ನಿರ್ವಹಣಾ ಗುಂಪು ಇದೆ, ಅದು 45 ದಿನಕ್ಕೊಮ್ಮೆ ಸೇರಬೇಕು. ಆ ಸಭೆಯ ಮುಂದೆ ಆ ಅವಧಿಯ ಆಮದು ಮಾಹಿತಿಯನ್ನೆಲ್ಲ ಮಾಲಿನ್ಯ ನಿಯಂತ್ರಣ ಮಂಡಳಿಯ ಕೋಲಾರದ ಅಧಿಕಾರಿಗಳು ಇಡಲಿ. ಕಾರ್ಖಾನೆಗಳೂ ಯಾರ ಆದೇಶಕ್ಕೂ ಕಾಯದೆ ಪ್ರತಿ ರಾಸಾಯನಿಕಕ್ಕೆ ಒಂದೇ ಹಾಳೆಯನ್ನು ಕನ್ನಡದಲ್ಲಿ ಬರೆದು ಹತ್ತಿರದ ಅಗ್ನಿಶಾಮಕ ಠಾಣೆಗೆ, ಪೊಲೀಸ್ ಠಾಣೆಗೆ, ಸರ್ಕಾರಿ ಆಸ್ಪತ್ರೆಗೆ ಕೊಡಬಹುದು. ಹೆಸರು, ಯುಎನ್ ಸಂಖ್ಯೆ, ಉಗ್ರಾಣದಲ್ಲಿ ಗರಿಷ್ಠ ಎಷ್ಟು ಕಿಲೋ ಇರುತ್ತದೆ, ನೀರು ಹಾಕಬಹುದೇ ಬಾರದೇ, ಮೈಗೆ ಬಿದ್ದರೆ ಮೊದಲು ಏನು ಮಾಡಬೇಕು, ರಾತ್ರಿ ಎರಡು ಗಂಟೆಗೂ ಎತ್ತುವವರ ಫೋನ್ ನಂಬರು. ನೀರು ಹಾಕಬಹುದೇ ಎಂಬ ಸಾಲು ಹಾಳೆಯ ಮೇಲ್ತುದಿಯಲ್ಲಿ, ದಪ್ಪ ಅಕ್ಷರದಲ್ಲಿರಲಿ.

ಇಂತಿ,
ಆಮದು ದಾಖಲೆ ಮತ್ತು ಕಾರ್ಖಾನೆ ಸುರಕ್ಷತೆಯ ಕೆಲಸದಲ್ಲಿರುವ ಓದುಗರು,
ಮಾಲೂರು, ಕೋಲಾರ ಜಿಲ್ಲೆ