ನಾನು ಬಂದಿದ್ದೆ, ಕೂಸೇ

ಕೂಸೇ,

ಫೋನಿನಲ್ಲಿ ಮಾತಾಡಿದರೆ ಮತ್ತೆ ಜಗಳವೇ ಆಗುತ್ತದೆ. ನೀನು ಒಂದು ಅಂದರೆ ನಾನು ಎರಡು ಅನ್ನುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ಸಾವಕಾಶ ಓದು.

ನೀನು ಬೆಳೆದಂಥ ಬಾಲಮಂದಿರಗಳ ಬಗ್ಗೆ ಹಾವೇರಿಯಲ್ಲಿ ನಡೆದ ಸಭೆಯಲ್ಲಿ, ನೀನು ಮಾತಾಡುತ್ತಿರುವಾಗಲೇ ನಾನು ಯಾಕೆ ಎದ್ದು ಹೋದೆ ಅಂತ ನೀನು ಕೇಳಿದೆ. "ನಿನಗ ನಾಚಿಕಿ ಆತೇನವ್ವಾ?" ಅಂದೆ. ನಾಚಿಕೆ ಅಲ್ಲವೇ ಅಲ್ಲ. ಅಷ್ಟು ಅಧಿಕಾರಿಗಳ ಮುಂದೆ ನೀನು ಹಾಳೆ ನೋಡದೆ ಮಾತಾಡಿದೆ. ಸಲಹಾ ಪೆಟ್ಟಿಗೆಯನ್ನು ಸೂಪರಿಂಟೆಂಡೆಂಟ್ ಕೋಣೆಯ ಬಾಗಿಲಲ್ಲೇ ತೂಗುಹಾಕಿದರೆ ಯಾವ ಹುಡುಗಿ ಅದರಲ್ಲಿ ಚೀಟಿ ಹಾಕುತ್ತಾಳೆ ಅಂತ ಕೇಳಿದೆಯಲ್ಲ, ಆಗ ನನ್ನ ಪಕ್ಕದ ಮೇಡಂ ಪೆನ್ನು ತೆಗೆದು ಬರೆದುಕೊಂಡರು. ಪೆಟ್ಟಿಗೆ ಆಫೀಸಿನಿಂದ ದೂರ, ಮಕ್ಕಳು ಇರುವ ಕೋಣೆಗಳ ಹತ್ತಿರ ಇರಬೇಕು, ವಾರಕ್ಕೊಮ್ಮೆ ಮಕ್ಕಳ ಸಮಿತಿಯವರ ಎದುರೇ ತೆಗೆಯಬೇಕು ಅಂತ 2016ರ ಬಾಲನ್ಯಾಯ ಮಾದರಿ ನಿಯಮಗಳಲ್ಲೇ ಇದೆ ಅಂದೆ. ನಿಯಮ ಅವರಿಗೂ ಗೊತ್ತಿರುತ್ತದೆ. ಚೀಟಿ ಬರೆದು, ಬಾಗಿಲವರೆಗೂ ಹೋಗಿ, ಹಾಕದೆ ವಾಪಸ್ ಬಂದದ್ದು ನಿನಗೆ ಮಾತ್ರ ಗೊತ್ತು. ಇವಳು ನನ್ನ ಮಗಳು ಅಂತ ಆ ಮೇಡಂಗೆ ಹೇಳಬೇಕು ಅನ್ನಿಸಿತು. ಬಾಯಿ ತೆರೆಯುವಷ್ಟರಲ್ಲಿ ನೀನು ಆ ಮಾತು ಅಂದೆ.

"ಮೊದಲ ವರ್ಷ ಅವ್ವ ನನ್ನನ್ನು ನೋಡಲು ಒಮ್ಮೆಯೂ ಬರಲಿಲ್ಲ."

ನಾನು ಬಂದಿದ್ದೆ.

ಸಂಕ್ರಾಂತಿ ಆಗಿ ಸ್ವಲ್ಪ ದಿನ ಆಗಿತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ. ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸ ಜೋರಾಗಿತ್ತು. ಕಿಲೋ ಲೆಕ್ಕದ ಕೂಲಿ, ಒಂದು ದಿನ ತಪ್ಪಿಸಿದರೆ ಆ ದಿನದ ದುಡ್ಡು ಇಲ್ಲ. ಆದರೂ ಹೊರಟೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಉಂಡಿ ಕಟ್ಟಿಕೊಂಡಿದ್ದೆ. ಎರಡು ಬಸ್ ಬದಲಿಸಿ ಬಂದರೆ, ಗೇಟಿನ ಮನುಷ್ಯ "ಇವತ್ತ ಭೇಟಿ ದಿನ ಅಲ್ಲವ್ವ" ಅಂದ. ಹೊರಗಿನ ತಿಂಡಿಯನ್ನೂ ಒಳಗೆ ಬಿಡುವುದಿಲ್ಲ ಅಂದ. ಕೆಟ್ಟವನೇನೂ ಅಲ್ಲ, ಕುಡಿಯಲು ನೀರು ಕೊಟ್ಟ. ಅವನಿಗೆ ಹೇಳಿದ್ದನ್ನು ಅವನು ಮಾಡಿದ.

ಎದುರಿಗೆ ಬೇವಿನ ಮರ ಇತ್ತಲ್ಲ, ಅದರ ಕೆಳಗೆ ಕೂತೆ. ಮಧ್ಯಾಹ್ನ ನೀವೆಲ್ಲ ಮಗ್ಗಿ ಹೇಳುತ್ತಿದ್ದಿರಿ. ಅಷ್ಟು ಹುಡುಗಿಯರ ದನಿಯಲ್ಲಿ ನಿನ್ನದು ಯಾವುದು ಅಂತ ಕಿವಿಗೊಟ್ಟು ಕೂತಿದ್ದೆ. ಹದಿಮೂರರ ಮಗ್ಗಿಯಲ್ಲಿ ನೀನು ಯಾವಾಗಲೂ ತಪ್ಪುತ್ತಿದ್ದೆ. ಯಾರೋ ತಪ್ಪಿದರು. ನೀನೇ ಇರಬೇಕು ಅಂದುಕೊಂಡೆ. ಕೊನೆಯ ಬಸ್ಸಿನ ಹೊತ್ತಾಯಿತು. ಉಂಡಿಗಳನ್ನು ಗೇಟಿನವನಿಗೇ ಕೊಟ್ಟೆ. ಅವನಿಗೂ ಮಕ್ಕಳಿದ್ದವಂತೆ.

ಅವನು ನನ್ನ ಹೆಸರು ಬರೆದುಕೊಳ್ಳಲಿಲ್ಲ. ರಿಜಿಸ್ಟರಿನಲ್ಲಿ ಒಳಗೆ ಬಿಟ್ಟವರ ಹೆಸರು ಇರುತ್ತದೆ, ಗೇಟಿನಿಂದಲೇ ವಾಪಸ್ ಕಳಿಸಿದವರದು ಇರುವುದಿಲ್ಲ. ಆಮೇಲೆ ನಿನ್ನ ಫೈಲಿನಲ್ಲಿ 'ತಾಯಿ ಭೇಟಿಗೆ ಬಂದಿಲ್ಲ' ಅಂತ ಸೇರಿತು. ಅದನ್ನು ಓದಿ ನೀನು ನಂಬಿದೆ. ಯಾರಾದರೂ ನಂಬುತ್ತಾರೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತೀಯಾ? ಹೇಳಿದ್ದರೆ, ಜಗಳ ಮಾಡಿಯಾದರೂ ಒಳಗೆ ಯಾಕೆ ಬರಲಿಲ್ಲ ಅಂತ ನೀನು ಕೇಳುತ್ತಿದ್ದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಆಗ ಆಫೀಸು ಅಂದರೆ ನನಗೆ ಮಾತೇ ಹೊರಡುತ್ತಿರಲಿಲ್ಲ.

ನೀನು ಬಿಟ್ಟು ಹೋದ ಆ ಮಕ್ಕಳ ಕಾನೂನಿನ ಪುಸ್ತಕ ಓದಿದೆ. ಅರ್ಥ ಆಗದ್ದನ್ನು ಅಂಗನವಾಡಿ ಟೀಚರ್ ಹತ್ತಿರ ಕೇಳಿದೆ. ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಆಗಿರಬೇಕು ಅಂತ 2015ರ ಬಾಲನ್ಯಾಯ ಕಾಯ್ದೆಯಲ್ಲೇ ಇದೆಯಲ್ಲ! ಮಿಷನ್ ವಾತ್ಸಲ್ಯ ಅನ್ನುವ ಸರ್ಕಾರದ ಮಕ್ಕಳ ರಕ್ಷಣೆ ಯೋಜನೆಯಲ್ಲಿ ಗಂಡ ಇಲ್ಲದ ಬಡ ತಾಯಿಯ ಮಗುವಿಗೆ, ಅದು ಮನೆಯಲ್ಲೇ ಬೆಳೆಯಲಿ ಅಂತ, ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವು ಇದೆ. ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಮಗು ಎಲ್ಲಿರಬೇಕು ಅಂತ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಾವಿಬ್ಬರೂ ನಿಂತಾಗ ನನ್ನನ್ನು ಕೇಳಿದ್ದು ಆದಾಯ ಪ್ರಮಾಣಪತ್ರ, ನಿನ್ನ ಅಪ್ಪನ ಮರಣ ಪತ್ರ. ಇವಳು ನಿನ್ನ ಹತ್ತಿರವೇ ಇರಬೇಕಾದರೆ ನಿನಗೆ ಏನು ಬೇಕು ಅಂತ ಒಬ್ಬರೂ ಕೇಳಲಿಲ್ಲ. ನೀನು ಈಗ ಅಂಥ ಸಮಿತಿಯವರಿಗೇ ತರಬೇತಿ ಕೊಡುತ್ತೀಯ. ಆ ಪ್ರಶ್ನೆ ಕೇಳುವುದನ್ನು ಕಲಿಸು. ಬೇರೆ ಎಲ್ಲ ಆಮೇಲೆ.

ಬುದ್ಧಿ ಹೇಳಬಾರದು ಅಂತಲೇ ಬರೆಯಲು ಕೂತಿದ್ದೆ. ಆದರೂ ಹೇಳುತ್ತೇನೆ. ನಿನ್ನ ಗೆಳತಿಯ ಕಥೆ ಹೇಳುವಾಗ ಅವಳ ಊರಿನ ಹೆಸರು ಬಾಯಿಗೆ ಬಂತು. ಅವಳ ತಂಗಿ ಇನ್ನೂ ಅಲ್ಲೇ ಇದ್ದಾಳೆ. ಹಿಂದಿನ ಸಾಲಿನಲ್ಲಿ ಪೇಪರಿನವರು ಕೂತಿದ್ದರು. ಮಗುವಿನ ಗುರುತು ಸಿಗುವಂಥದ್ದನ್ನು ಪೇಪರಿನಲ್ಲಿ ಹಾಕಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಅಂತ ಆ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಲ್ಲಿ ನೀನೇ ಗೆರೆ ಎಳೆದಿದ್ದೀಯಲ್ಲ. ನಿನ್ನ ಕಥೆ ನಿನ್ನದು, ಎಲ್ಲಿ ಬೇಕಾದರೂ ಹೇಳು. ಬೇರೆಯವರದನ್ನು ಅವರನ್ನು ಕೇಳಿ ಹೇಳು. ನನ್ನದನ್ನೂ ಕೇಳಿ ಹೇಳು.

ಇನ್ನೊಂದು. ನಿನ್ನನ್ನು ಮಾತಾಡಲು ಕರೆದದ್ದು ಸಂಜೆ ನಾಲ್ಕಕ್ಕೆ. ಬೆಳಿಗ್ಗೆ ಯೋಜನೆ, ಖರ್ಚು, ಯಾರಿಗೆ ಯಾವ ಕೆಲಸ, ಎಲ್ಲ ಮುಗಿದಿತ್ತು. ನಿನ್ನ ಮಾತು ಕೇಳಿ ನಾಲ್ಕು ಜನ ಕಣ್ಣೊರೆಸಿಕೊಂಡರು, ಶಾಲು ಹೊದಿಸಿದರು, ಫೋಟೋ ತೆಗೆದರು. ಅಳಿಸಲು ಕರೆದರೆ ಹೋಗಬೇಡ. ಬೆಳಿಗ್ಗೆಯೇ ಮೇಜಿಗೆ ಕೂರಿಸುವುದಾದರೆ ಬರುತ್ತೇನೆ ಅನ್ನು. ಸಂಭಾವನೆ ಕೇಳಲು ಸಂಕೋಚ ಮಾಡಬೇಡ. ಅಲ್ಲಿ ಕೂತ ಎಲ್ಲರಿಗೂ ಸಂಬಳ ಇದೆ, ನಿನಗೆ ಬಸ್ ಚಾರ್ಜ್ ಆದರೂ ಕೊಟ್ಟರಾ? ಹೀಗೆ ಮಾತಾಡಿ ಬಂದ ರಾತ್ರಿ ನೀನು ರೂಮಿನಲ್ಲಿ ಒಬ್ಬಳೇ ಇರಬೇಡ. ನನಗೆ ಫೋನ್ ಮಾಡದಿದ್ದರೂ ಆ ಕೌನ್ಸೆಲಿಂಗ್ ಅಕ್ಕನಿಗೆ ಮಾಡು. ಹಂಗೇ ಮಲಗಿದರೆ ಕನಸು ಬೀಳುತ್ತವೆ ಅಂತ ನೀನೇ ಹೇಳಿದ್ದೆ.

ಇದೆಲ್ಲ ಹೆಣ್ಣು ನೋಡಲು ಬರುವವರ ಕಿವಿಗೆ ಬಿದ್ದರೆ ಏನಂದುಕೊಳ್ಳುತ್ತಾರೋ ಅಂತ ನಿನ್ನ ಸೋದರಮಾವ ರಾಗ ತೆಗೆದ. ನಾನು ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ನನಗೂ ಅದೇ ಚಿಂತೆ. ಬೈಯಬೇಡ.

ಸಭೆಯ ನಡುವೆ ಎದ್ದು ಹೋಗಿ ನಿನ್ನ ಮಾತು ತಡವರಿಸುವ ಹಾಗೆ ಮಾಡಿದೆ, ಅದು ಬೇಜಾರಾಗಿದೆ. 'ಅವ್ವ ಬರಲಿಲ್ಲ' ಅನ್ನುವುದನ್ನು ತೆಗೆ ಅಂತ ನಾನು ಹೇಳುತ್ತಿಲ್ಲ. ಆ ವರ್ಷವೆಲ್ಲ ನೀನು ಕಾದದ್ದು ಸುಳ್ಳಲ್ಲ. ಅದರ ಜೊತೆಗೆ ರಿಜಿಸ್ಟರಿನ ಮಾತೂ ಹೇಳು. ವಾಪಸ್ ಕಳಿಸಿದವರ ಹೆಸರು, ತಾರೀಖು, ಯಾಕೆ ಕಳಿಸಿದರು ಅಂತ ಬರೆದುಕೊಳ್ಳಲು ಒಂದು ಪುಟ ಇಡಿ ಅಂತ ಕೇಳು. ದೊಡ್ಡ ಖರ್ಚೇನಲ್ಲ.

ಮುಂದಿನ ಸಭೆ ಗದಗಿನಲ್ಲಿ ಅಂದೆಯಲ್ಲ. ತಾಯಂದಿರು ಒಬ್ಬಿಬ್ಬರು ಬರಬಹುದಾ ಅಂತ ವಿಚಾರಿಸು. ನಾನು ಬರುತ್ತೇನೆ. ಶಾಲು ಬೇಡ. ಸೋಮವಾರ, ಗುರುವಾರ ಮಾತ್ರ ಬೇಡ ಅಂತ ಹೇಳು, ಅವತ್ತು ಮಾರುಕಟ್ಟೆ ಇರುತ್ತದೆ.

ನಿನ್ನ ಅವ್ವ