ಆ ಟ್ರಂಕು ಇನ್ನೂ ಇದೆಯೇನೋ?

ಗೆಳೆಯಾ,

ನಿನ್ನ ವಾಟ್ಸಾಪ್ ಬಂದು ಎರಡು ದಿನ ಆಯ್ತು. ಉತ್ತರ ಬರೆಯೋಕೆ ಕೂತಾಗೆಲ್ಲ ಕೈ ಓಡಲಿಲ್ಲ, ಅದಕ್ಕೇ ಈ ಪತ್ರ. ಶಾಲೆಯ ವಾರ್ಷಿಕೋತ್ಸವಕ್ಕೆ ಬಾ, 'ಕಷ್ಟದಿಂದ ಮೇಲೆ ಬಂದ ಸಾಧಕ' ಅಂತ ಹತ್ತು ನಿಮಿಷ ಮಾತಾಡು, ಮಕ್ಕಳಿಗೆ ಸ್ಫೂರ್ತಿಯಾಗುತ್ತೆ ಅಂದಿದ್ದೀಯ. ಮೇಷ್ಟ್ರಾದ ಮೇಲೆ ನಿನ್ನ ಭಾಷೆ ಕೆಟ್ಟಿದೆ ಕಣೋ.

ಕಷ್ಟದ ಕತೆಗೇನು ಬರವಿಲ್ಲ. ಅಪ್ಪ ಕೂಲಿ ದುಡ್ಡನ್ನೆಲ್ಲ ಸಾರಾಯಿ ಅಂಗಡಿಗೆ ಸುರಿದು ಬರುತ್ತಿದ್ದ. ಅಮ್ಮ ಕಡ್ಲೆಕಾಯಿ ಬಿಡಿಸೋಕೆ ಹೋಗಿ ಸಂಜೆ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಹಿಡಿ ಕಾಯಿಯೇ ಎಷ್ಟೋ ರಾತ್ರಿ ನಮ್ಮ ಊಟ. ಇದನ್ನು ಮೈಕಿನ ಮುಂದೆ ಹೇಳಿದರೆ ಚಪ್ಪಾಳೆ ಬೀಳುತ್ತೆ, ಗೊತ್ತು. ಆಫೀಸಿನಲ್ಲಿ ಒಂದು ಸಲ ಹೇಳಿದ್ದೆ. ಬಿತ್ತು. ಆ ರಾತ್ರಿ ಮನೆಗೆ ಬಂದು ಅಮ್ಮನ ಮುಖ ನೋಡೋಕಾಗಲಿಲ್ಲ. ಅವಳ ಹಸಿವನ್ನು ಮಾರಿಕೊಂಡು ಬಂದ ಹಾಗಿತ್ತು.

ಹಾಸ್ಟೆಲ್ಲಿನಲ್ಲಿ ನಮ್ಮ ಪಕ್ಕದ ಚಾಪೆಯವನು ನೆನಪಿದ್ದಾನಾ? ಲೆಕ್ಕದಲ್ಲಿ ನಮ್ಮಿಬ್ಬರಿಗೂ ಅವನೇ ಮೇಷ್ಟ್ರು. ಏಳನೇ ಕ್ಲಾಸಿನ ದಸರಾ ರಜಕ್ಕೆ ಊರಿಗೆ ಹೋದವನು ವಾಪಸ್ ಬರಲಿಲ್ಲ. ಅಪ್ಪ ತೀರಿಕೊಂಡಿದ್ದ, ತಂಗಿಯರಿಬ್ಬರನ್ನು ಸಾಕೋಕೆ ಇಟ್ಟಿಗೆ ಗೂಡಿನ ಕೆಲಸಕ್ಕೆ ಸೇರಿದ. ಅವನು ನನಗಿಂತ ಕಡಿಮೆ ದುಡಿದನಾ? 'ಶ್ರಮಪಟ್ಟರೆ ಗೆಲ್ಲಬಹುದು' ಅಂತ ನಾನು ವೇದಿಕೆ ಹತ್ತಿ ಅಂದರೆ ಅವನಿಗೆ ಏನು ಹೇಳಿದ ಹಾಗಾಯ್ತು? ನನ್ನ ತಟ್ಟೆಗೆ ಪಿಯುಸಿ ಮುಗಿಯೋ ತನಕ ಮುದ್ದೆ ಬಿತ್ತು, ಅವನದಕ್ಕೆ ಬೀಳಲಿಲ್ಲ. ಚಳಿಗಾಲದಲ್ಲಿ ನಿನ್ನ ಎರಡನೇ ಅಂಗಿ ನನ್ನ ಮೈಮೇಲಿತ್ತು. ನನ್ನ ಸಾಧನೆ ಅನ್ನೋದು ಶುರುವಾಗೋದು ಅಲ್ಲಿಂದ.

ಈಚೆಗೆ ಎಚ್. ನರಸಿಂಹಯ್ಯನವರು ತುಂಬ ನೆನಪಾಗ್ತಾರೆ. ನಮ್ಮ ಗೌರಿಬಿದನೂರು ಕಡೆಯ ಹೊಸೂರಿನವರು, 1920ರಲ್ಲಿ ಬಡವರ ಮನೆಯಲ್ಲಿ ಹುಟ್ಟಿದವರು. 1935ರಲ್ಲಿ ಕೈಯಲ್ಲಿ ಕಾಸಿಲ್ಲದೆ ಬೆಂಗಳೂರಿನವರೆಗೂ 80 ಕಿ.ಮೀ.ಯಷ್ಟು ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲು ಸೇರಿದರು. ಮರುವರ್ಷ ಗಾಂಧೀಜಿ ಶಾಲೆಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡದಲ್ಲಿ ಹೇಳಿದ ಹುಡುಗ ಇವರೇ. 1942ರ ಚಳವಳಿಯಲ್ಲಿ ಜೈಲು, ಆಮೇಲೆ ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತಶಾಸ್ತ್ರದ ಡಾಕ್ಟರೇಟು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ನಮ್ಮ ಮೇಷ್ಟ್ರುಗಳು ಆ ನಡಿಗೆಯನ್ನು ಎಷ್ಟು ಸಲ ಹೇಳಿದ್ದರೋ! ಅವರು ಒತ್ತಿ ಹೇಳದೆ ಬಿಟ್ಟದ್ದು ಇನ್ನೊಂದಿದೆ. ಇಷ್ಟೆಲ್ಲ ಆದ ಮೇಲೂ ಆ ಮನುಷ್ಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆ ಬಿಡಲಿಲ್ಲ. ಮದುವೆ ಆಗಲಿಲ್ಲ, ಮನೆ ಕಟ್ಟಲಿಲ್ಲ. 2005ರಲ್ಲಿ ತೀರಿಕೊಳ್ಳೋವರೆಗೂ ವಿಳಾಸ ಅದೇ, ಸುತ್ತ ಓದೋ ಹುಡುಗರು. ಬರೀ ನಡೆದು ಹೋಗೋದಾದರೆ ನಾನೂ ಹೋಗುತ್ತಿದ್ದೆನೇನೋ. ಆ ಕೋಣೆಯಲ್ಲಿ ಉಳಿಯೋದು ನನ್ನಿಂದ ಆಗುತ್ತಿರಲಿಲ್ಲ.

ನಾನು ಹಾಸ್ಟೆಲ್ಲಿನಿಂದ ಎಷ್ಟು ದೂರ ಓಡಿದೆ ಅನ್ನೋದನ್ನೇ ಗೆಲುವಿನ ಲೆಕ್ಕ ಮಾಡಿಕೊಂಡವನು. ಉಪ್ಪಿಟ್ಟಿನ ವಾಸನೆಗೆ ಇವತ್ತಿಗೂ ಎದ್ದು ಹೋಗ್ತೀನಿ (ಗೋಧಿ ನುಚ್ಚಿನದಕ್ಕೆ ಮಾತ್ರ, ರವೆಯದಾದರೆ ಇನ್ನೊಂದು ಸಲ ಹಾಕಿಸಿಕೊಳ್ತೀನಿ). ನೀನು ಬಿ.ಎಡ್. ಮುಗಿಸಿ ಅದೇ ಊರಿಗೆ ಮೇಷ್ಟ್ರಾಗಿ ಹೊರಟಾಗ, 'ಹೋಗು, ಅಲ್ಲೇ ಕೊಳೆ' ಅಂದಿದ್ದೆ. ನೀನು ನಕ್ಕು ಬಸ್ ಹತ್ತಿದ್ದೆ. ಹತ್ತನೇ ಮಹಡಿಯ ಬಾಲ್ಕನಿಯಲ್ಲಿ ಕೂತಾಗ ಆ ನಗು ಒಮ್ಮೊಮ್ಮೆ ಬಂದು ಚುಚ್ಚುತ್ತೆ.

ಬರ್ತೀನಿ. ಭಾಷಣ ಮಾತ್ರ ಕೇಳಬೇಡ. ಹಿಂದಿನ ದಿನ ಸಂಜೆ ರೈಲಿಗೇ ಬಂದುಬಿಡ್ತೀನಿ, ರಾತ್ರಿ ಹಾಸ್ಟೆಲ್ ಹುಡುಗರ ಸಾಲಿನಲ್ಲೇ ಊಟಕ್ಕೆ ಕೂರಿಸು. ನನಗೋಸ್ಕರ ಪಾಯಸಗೀಯಸ ಅಂತ ಏನೂ ಮಾಡಿಸಬೇಡ. ಈ ವರ್ಷ ದಸರಾ ರಜಕ್ಕೆ ಹೋಗಿ ವಾಪಸ್ ಬಾರದವರು ಯಾರಾದರೂ ಇದ್ದಾರಾ? ಇದ್ದರೆ ಅವರ ಮನೆ ಎಲ್ಲಿ ಅಂತ ವಿಚಾರಿಸಿಟ್ಟಿರು, ಬೆಳಗ್ಗೆ ಕಾರ್ಯಕ್ರಮಕ್ಕೆ ಮುಂಚೆ ನಿನ್ನ ಬೈಕಿನಲ್ಲಿ ಹೋಗಿ ಬರೋಣ. ಪಕ್ಕದ ಚಾಪೆಯವನಿಗೂ ಒಂದು ಫೋನ್ ಮಾಡು. ಬೈದರೆ ಇಬ್ಬರೂ ಬೈಸಿಕೊಳ್ಳೋಣ.

ಅಂದ ಹಾಗೆ, ನಮ್ಮಿಬ್ಬರ ಪಾಲಿನ ಟ್ರಂಕು ನಿಮ್ಮ ಮನೆ ಅಟ್ಟದ ಮೇಲಿತ್ತಲ್ಲ, ಇನ್ನೂ ಇದೆಯೇನೋ? ಅದರ ಬೀಗದ ಕೈ ನನ್ನ ಹತ್ರಾನೇ ಉಳಿದುಬಿಟ್ಟಿದೆ.

ಇಂತಿ,
ನಿನ್ನ ಟ್ರಂಕಿನ ಅರ್ಧ ಪಾಲುದಾರ